ಎಣಿಕೆ ಬಾರದ ಹಕ್ಕಿ

ಮುಚ್ಚಿತು — ಕೆಳರೆಪ್ಪೆ ಮೇಲಕ್ಕೆ ಸರಿದು ಹಕ್ಕಿಯ ಆ ಗುಂಡು ಕರಿಗಣ್ಣನ್ನು ಅರ್ಧ ಮುಚ್ಚಿತು, ಮತ್ತೆ ತೆರೆಯಿತು, ತೂಕಡಿಕೆ ಬರುತ್ತಿದೆ ಪಾಪ, ಬೆಳಗಿನಿಂದ ಒಂದೇ ಕಡೆ ಕೂತರೆ ಯಾರಿಗೆ ಬರುವುದಿಲ್ಲ, ಡೋರೀನಳಿಗೇ ಬರುತ್ತಿತ್ತು, ಮಡಿಸುವ ಸ್ಟೂಲಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ, ಗುಡಾರದ ಗೋಣಿಬಟ್ಟೆಯಲ್ಲಿ ಕೊಯ್ದ ಅಂಗೈಯಗಲದ ಕಿಂಡಿಗೆ ಕಣ್ಣು ಹಚ್ಚಿ, ಉಸಿರನ್ನೂ ಸದ್ದಾಗದಂತೆ ಸೋಸಿ ಸೋಸಿ ಬಿಡುತ್ತ — ಹಕ್ಕಿ ಇರುವುದು ಕಿಂಡಿಯಿಂದ ನಾಲ್ಕೇ ಮಾರು ಆಚೆ, ಹೆದರ್ ಎಂಬ ಕುರುಚಲು ಪೊದೆಗಳ ನಡುವಿನ ಒಂದು ಬಟ್ಟಲಿನಷ್ಟು ಗುಳಿಯಲ್ಲಿ, ಬೆನ್ನ ತುಂಬ ಬಂಗಾರದ ಚುಕ್ಕೆ, ಎದೆ ಹೊಟ್ಟೆಯೆಲ್ಲ ಕಪ್ಪು, ಹೊಂಬೆನ್ನಿನ ಪ್ಲೋವರ್, ಗಂಡು. ಹಗಲು ಗಂಡಿನ ಪಾಳಿ ಕಣೇ ಡೋರಿ, ರಾತ್ರಿ ಹೆಣ್ಣಿಂದು, ನಮ್ಮ ಹಡಗುಕಟ್ಟೆ ಪಾಳಿಗಿಂತ ನಿಯತ್ತು, ಒಂದು ದಿನಾನೂ ಚಕ್ಕರ್ ಹೊಡೆಯಲ್ಲ, ಎಂದು ಗಂಡ ಎಲ್ಲಿಸ್ ಎಷ್ಟು ವರ್ಷ ಹೇಳಿದ್ದಾನೆ, ಮೀನು ಕರಿಯುವಾಗ ಹೇಳಿದ್ದಾನೆ, ಮಗಳ ಮದುವೆಯ ಊಟದಲ್ಲಿ ಬೀಗರಿಗೆ ಹೇಳಿದ್ದಾನೆ, ಅವಳು ಹ್ಞೂಂ ಎಂದಿದ್ದಾಳೆ, ಆದರೆ ಅದು ಆಗ ಎದ್ದಿತಲ್ಲ, ಕಡ್ಡಿಕಾಲಿನ ಮೇಲೆ ನಿಂತು ಕೊಕ್ಕಿನಿಂದ ಒಂದೊಂದನ್ನೇ ಹೊರಳಿಸಿತಲ್ಲ, ಆಗ ಕಂಡದ್ದನ್ನು ಅವನು ಹೇಳೇ ಇರಲಿಲ್ಲ ಅನ್ನಿಸಿತು — ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಕ್ಕೆ, ಮೊನೆಗೆ ಮೊನೆ ಕೂಡಿಸಿ, ನಾಲ್ಕು ಹೋಳು ಮಾಡಿದ ಪೈಯನ್ನು ತಟ್ಟೆಯಲ್ಲಿ ಮತ್ತೆ ಒತ್ತಟ್ಟಿಗೆ ಇಟ್ಟ ಹಾಗೆ, ಮೇಲೆ ಕರಿ ಕಂದು ಮಚ್ಚೆ, ಏನೂ ಹೊದಿಕೆಯಿಲ್ಲದೆ, ಈ ಬರಿಯ ಆಕಾಶದ ಕೆಳಗೆ. ಅಯ್ಯೋ ಮುಚ್ಚೋ, ಎಂದಿತ್ತು ಅವಳ ಬಾಯಿ ಒಳಗೊಳಗೇ, ಮುಚ್ಚು ಬೇಗ, ಚಳಿ. ಮೈ ಒಂದು ಸಲ ಆಚೀಚೆ ಅಲ್ಲಾಡಿಸಿ, ಹೊಟ್ಟೆಯ ಗರಿ ಬಿಡಿಸಿ, ಕೂತಿತ್ತು.

ಈ ಕಿಂಡಿ ಯಾವಾಗಲೂ ಎಲ್ಲಿಸನದು. ಅವಳ ಕೆಲಸ ಹೋಗುವುದು. ಹಕ್ಕಿಗೆ ಎಣಿಕೆ ಬರಲ್ಲ, ಇಬ್ಬರು ಗುಡಾರದ ತನಕ ಬರಬೇಕು, ಒಬ್ಬರು ಒಳಗೆ ನುಗ್ಗಬೇಕು, ಇನ್ನೊಬ್ಬರು ಕಾಣುವ ಹಾಗೆ ಎದ್ದು ಹೋಗಬೇಕು, ಬಂದವರು ಹೋದರು ಅಂತ ಹಕ್ಕಿ ನಂಬಿ ಗೂಡಿಗೆ ಮರಳುತ್ತೆ. ಸಂಜೆ, ಬೆಳಿಗ್ಗೆ ಹೋದವರೇ ಬಂದು ಕರೆದುಕೊಂಡು ಹೋಗಬೇಕು, ಆಗಲೂ ಅದೇ ಲೆಕ್ಕ, ಒಬ್ಬರು ಬಂದರು, ಹೋದರು, ಗುಡಾರ ಮಾತ್ರ ಬರೀ ಗುಡಾರ, ಅದರಿಂದ ಮನುಷ್ಯರು ಹುಟ್ಟುತ್ತಾರೆ ಅಂತ ಹಕ್ಕಿಗೆ ಗೊತ್ತಾಗಲೇ ಕೂಡದು. ಮದುವೆಯಾದ ಮೊದಲ ವಸಂತದಿಂದ ಡೋರೀನ್ ಹೋಗುತ್ತಲೇ ಇದ್ದಾಳೆ, ಪ್ರತಿ ರಜೆಯಲ್ಲೂ, ಹೋಗುವುದರಲ್ಲಿ ಅವಳನ್ನು ಮೀರಿಸುವವರಿಲ್ಲ — ಕೆಂಪು ಸ್ಕಾರ್ಫ್ ಬೀಸುತ್ತ, ಕೆಮ್ಮುತ್ತ, ಕೈ ಜೋರಾಗಿ ತೂಗುತ್ತ, ಒಮ್ಮೆಯೂ ತಿರುಗಿ ನೋಡದೆ — ಆಮೇಲೆ ಕೆಳಗಿನ ಕುರಿದೊಡ್ಡಿಯ ಕಲ್ಲುಗೋಡೆಯ ಮರೆಯಲ್ಲಿ ಸ್ವೆಟರ್ ಹೆಣೆಯುತ್ತ ಫ್ಲಾಸ್ಕಿನ ಚಹಾ ಕುಡಿಯುತ್ತ ಸಂಜೆ ಮಾಡುವುದು. ಜನ ಸ್ಪೇನಿಗೆ ಹೋಗುತ್ತಾರೆ ರಜೆ ಬಂದರೆ, ನಾನು ಕುರಿದೊಡ್ಡಿಗೆ ಹೋಗ್ತೀನಿ, ಎಂದು ಕ್ಯಾಂಟೀನಿನಲ್ಲಿ ಜೊತೆಯವರನ್ನು ನಗಿಸುತ್ತಿದ್ದಳು. ಈ ಸಲ ನೀನು ಕೂತ್ಕೋ, ಎಂದ ಇವತ್ತು ಬೆಳಿಗ್ಗೆ, ಗುಡಾರದ ಹಿಂಬದಿಯ ಪಿನ್ನು ಬಿಚ್ಚುತ್ತ. ಯಾಕೆ, ನಿನ್ನ ಕಣ್ಣು ಮಂಜಾಯ್ತಾ? ಯಾಕೆ ಅಂದ್ರೆ ಏನ್ ಹೇಳ್ಲಿ, ಇಷ್ಟು ವರ್ಷ ನನ್ನ ಬಾಯಲ್ಲಿ ಕೇಳಿದೀಯ, ಒಂದ್ಸಲ ನಿನ್ನ ಕಣ್ಣಲ್ಲಿ ನೋಡು. ನನಗೆ ಚಳಿ ಕಣೋ. ನನ್ನ ಕೋಟು ಹಾಕ್ಕೋ, ನಾನು ನಡೆಯೋನು, ಮೈ ಬಿಸಿಯಾಗುತ್ತೆ, ನಿನ್ನ ಆ ತೆಳು ರೇನ್‌ಕೋಟು ಇತ್ಲಾಗೆ ಕೊಡು. ಅವಳ ರೇನ್‌ಕೋಟಿನಲ್ಲಿ ಅವನ ತೋಳು ಮುಕ್ಕಾಲಕ್ಕೇ ನಿಂತಿತು, ಗುಂಡಿ ಕೂಡಲಿಲ್ಲ, ಅವಳು ನಕ್ಕು ನಕ್ಕು, ಹೋಗು ಹೋಗು, ಹಕ್ಕಿ ನಿನ್ನ ನೋಡಿ ನಗುತ್ತೆ, ಎಂದಳು. ಹೋದ. ಆದರೆ ಅವನಿಗೆ ಹೋಗುವುದು ಗೊತ್ತಿಲ್ಲ, ಎಲ್ಲಿಂದ ಗೊತ್ತಿರಬೇಕು, ಹೆಣದ ಹಿಂದೆ ನಡೆದ ಹಾಗೆ ನಡೆದ, ನಿಂತ, ತಿರುಗಿ ನೋಡಿದ, ದುರ್ಬೀನು ಎತ್ತಿದ, ಮತ್ತೆ ನಡೆದ — ತಿರುಗಬೇಡ ಮಾರಾಯ ಎಂದು ಅವಳು ಇಲ್ಲಿ ಗೋಣಿಯೊಳಗೆ ಹಲ್ಲು ಕಚ್ಚಿದಳು — ಆಮೇಲೆ ದಿಣ್ಣೆಯಾಚೆ ಆ ತೆಳುಬಣ್ಣದ ರೇನ್‌ಕೋಟು ಇಳಿಯಿತು, ಮರೆಯಾಯಿತು.

ಚಹಾ ಹೊತ್ತಿಗೆ ಬರ್ತೀನಿ ಎಂದವನು. ಚಹಾ ಹೊತ್ತು ಯಾವುದು, ಇಲ್ಲಿ ಕಿಂಡಿಯಲ್ಲಿ ಹೊತ್ತೇ ಕಾಣುವುದಿಲ್ಲ, ಬೆಳಕು ಬೂದಿ, ಮಧ್ಯಾಹ್ನವೇ ಮಂಜಿನ ಕಾವಳ ಇಳಿಯಿತು, ಮೊದಲು ದೂರದ ಗುಡ್ಡ ಹೋಯಿತು, ಆಮೇಲೆ ಬೇಟೆಗಾರರ ಕಲ್ಲುಗುಡಿಸಲು, ಆಮೇಲೆ ಬೇಲಿಗೂಟಗಳು ಒಂದೊಂದಾಗಿ, ಈಗ ಗೂಡು, ಗೂಡಿನ ಸುತ್ತ ಒಂದು ಚಾಪೆಯಷ್ಟು ಮೇಲ್ಬಯಲು, ಅಷ್ಟೇ ಜಗತ್ತು. ಹ್ಯಾಮ್ ಇಟ್ಟ ರೊಟ್ಟಿ ಯಾವಾಗಲೋ ಮುಗಿದಿದೆ, ಫ್ಲಾಸ್ಕು ತಲೆಕೆಳಗು ಮಾಡಿದರೆ ಒಂದು ಹನಿ. ಅವಳು ಯಾವತ್ತೂ ತಡ ಮಾಡಿದವಳಲ್ಲ, ಹೊಟ್ಟೆಯಲ್ಲಿ ಮಗಳು ಆವ್ರಿಲ್ ಇದ್ದಾಗಲೂ ಹೊತ್ತಿಗೆ ಸರಿಯಾಗಿ ಬಂದು ಗುಡಾರ ತಟ್ಟಿದವಳು, ಇವನು ನೋಡು, ಎಲ್ಲಿ ಯಾವ ಕರ್ಲ್ಯೂ ಹಕ್ಕಿಯ ಹಿಂದೆ ಹೋದನೋ, ಬರಲಿ, ತಂಗಿರುವ ತೋಟದ ಮನೆಗೆ, ಹಿಲ್ಡಾಳ ಅಡಿಗೆಮನೆಗೆ ಹೋದ ಮೇಲೆ ಬೈಯಬೇಕು. ಹಿಲ್ಡಾ ಬೆಳಿಗ್ಗೆ ಬೇಕನ್ ಹುರಿಯುತ್ತ ಹೇಳಿದ್ದೇ ಸರಿ, ತೋಟದ ಮನೆಯವರಿಗೆ ಆಕಾಶ ಗೊತ್ತಿರುತ್ತೆ — ಏನ್ರಪ್ಪಾ, ಈ ಗಾಳೀಲಿ ಮೇಲೆ ಹೋಗ್ತೀರಾ, ಮೇ ತಿಂಗಳು ಅಂತ ಹೆಸರಿಗೆ, ನಮ್ಮ ಕುರಿಗಳೇ ಕೆಳಗೆ ಇಳಿದು ಬಂದಿವೆ, ಕುರಿಗಿರೋ ಬುದ್ಧಿ ನಿಮಗಿಲ್ವಲ್ಲ. ಕುರಿಗೆ ರಜೆ ಇರಲ್ಲ ಹಿಲ್ಡಾ, ನಮಗೆ ಇದೊಂದು ಸೋಮವಾರ ಸಿಕ್ಕಿರೋದು, ಎಂದ ಎಲ್ಲಿಸ್. ಕತ್ತಲಾಗೋದ್ರೊಳಗೆ ಬರದಿದ್ರೆ ನನ್ನ ಗಂಡನಿಗೆ ಟ್ರ್ಯಾಕ್ಟರ್ ಕೊಟ್ಟು ಕಳಿಸ್ತೀನಿ, ಆಮೇಲೆ ಅವನು ದಾರಿಯುದ್ದ ಬೈಯೋದು ನೀವೇ ಕೇಳಿಸ್ಕೋಬೇಕು. ನಕ್ಕರು. ಎಲ್ಲಿಸ್ ಬೇಕನ್ ಅರ್ಧಕ್ಕೇ ಬಿಟ್ಟಿದ್ದ. ಬಿಟ್ಟಿದ್ದನಲ್ಲ — ಅವಳದನ್ನು ಆಗ ನೋಡಿದಳು, ನೋಡಿ, ರೊಟ್ಟಿಯೊಳಗೆ ಸುತ್ತಿಕೊಂಡಳು, ದಾರಿಗೆ ಆಗುತ್ತೆ ಎಂದು, ಅದರಾಚೆ ಯೋಚಿಸಲಿಲ್ಲ.

ಟಪ್ ಎಂದಿತು ಗೋಣಿಯ ಮೇಲೆ, ಟಪ್ ಟಪ್, ಮಳೆಯಲ್ಲ, ಹಿಮದ ಹರಳು ಬೆರೆತ ಮಳೆ, ಬೆನ್ನ ಬಂಗಾರದ ಮೇಲೆ ಬಿಳಿ ಕಾಳು ಬಿದ್ದವು, ಹಕ್ಕಿ ತಲೆ ಕುಗ್ಗಿಸಿತು, ಕದಲಲಿಲ್ಲ. ಬೆಳಿಗ್ಗೆ ಗುಡ್ಡ ಹತ್ತುವಾಗ ಅವನು ಎಷ್ಟು ಸಲ ನಿಂತ. ಗೇಟು ದಾಟಿ ನಿಂತ, ಹಳ್ಳ ದಾಟಿ ನಿಂತ, ದಿಣ್ಣೆಯ ಅರ್ಧಕ್ಕೆ ನಿಂತ, ಪ್ರತಿ ಸಲವೂ ದುರ್ಬೀನು ಕಣ್ಣಿಗೇರಿತು, ತಡಿ ಡೋರಿ, ಅಲ್ಲೇನೋ ಇದೆ, ಏನಿದೆ ಅಂತ ಕೇಳಿದರೆ, ಹೋಯ್ತು ಬಿಡು. ಮತ್ತೆ ಹತ್ತು ಹೆಜ್ಜೆ, ಮತ್ತೆ ದುರ್ಬೀನು. ಇಷ್ಟು ವರ್ಷ ಅವನ ಜೊತೆ ನಡೆದಿದ್ದಾಳೆ, ಅವನು ಎತ್ತಿದ ಕಡೆ ಏನೂ ಇಲ್ಲದೆ ಇದ್ದದ್ದುಂಟೇ, ಎತ್ತಿದರೆ ಹೆಸರು ಹೇಳುತ್ತಿದ್ದ, ಗಂಡೋ ಹೆಣ್ಣೋ ಹೇಳುತ್ತಿದ್ದ, ಹೋಯ್ತು ಬಿಡು ಅನ್ನುವ ಹಕ್ಕಿ ಅವನ ಬಾಯಲ್ಲಿ ಬಂದದ್ದೇ ಇಲ್ಲ. ಒಂದು ಸಲ ಅವನು ದುರ್ಬೀನು ಹಿಡಿದದ್ದು ಬರೀ ಕಲ್ಲುಗೋಡೆಗೆ — ಗೋಡೆಗೆ! — ಅವಳು ಪಕ್ಕದಲ್ಲೇ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಹಕ್ಕಿಯೂ ಇಲ್ಲ ಎಂಥದೂ ಇಲ್ಲ, ಅದು ಎದೆ. ಉಸಿರು ಸಾಲದೆ ನಿಲ್ಲುವುದು, ನಿಂತದ್ದು ಹೆಂಡತಿಗೆ ತಿಳಿಯಬಾರದೆಂದು ದುರ್ಬೀನು ಎತ್ತುವುದು, ಹಕ್ಕಿ ನೋಡುವವನಿಗೆ ಅದೆಷ್ಟು ಸಲೀಸು, ಬೇರೆ ಗಂಡಸಾದರೆ ಬೂಟಿನ ಲೇಸು ಕಟ್ಟಿಕೊಳ್ಳಬೇಕು, ಸಿಗರೇಟು ಹಚ್ಚಬೇಕು. ಚಳಿಗಾಲದಲ್ಲಿ ಡಾಕ್ಟರು ಹೇಳಿದ್ದು, ಗುಡ್ಡ ಬೇಡ, ಎದೆ ಹಿಡಿದರೆ ಕೂತುಬಿಡಿ, ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟುಕೊಳ್ಳಿ, ಬಾಟಲಿ ಮೈಮೇಲೇ ಇರಲಿ, ಪಕ್ಕದ ಕೋಣೆಯಲ್ಲಿ ಅಲ್ಲ, ಮೈಮೇಲೆ. ಆವ್ರಿಲ್‌ಗೆ ಹೇಳಬೇಡ, ಅವಳು ಓಡಿ ಬರ್ತಾಳೆ, ಎಂದ ಇವನು. ಈಸ್ಟರ್ ಹೊತ್ತಿಗೆ, ಹೋಗೇ ಹೋಯ್ತು ಕಣೇ, ಬರೀ ಗ್ಯಾಸು, ಎಂದ. ಅವಳಿಗೂ ನಂಬುವುದು ಸುಲಭವಾಗಿತ್ತು.

ಮೈಮೇಲೆ. ಅವಳ ಬೆರಳು ಚಳಿಗೆ ತಾವಾಗಿಯೇ ಕೋಟಿನ ಜೇಬಿಗೆ ಇಳಿದಿದ್ದವು, ಅವನ ಕೋಟು, ಹೊಗೆಸೊಪ್ಪಿನ ವಾಸನೆ, ಪುದೀನ ಮಿಠಾಯಿಯ ಕಾಗದ, ಒಂದು ಗರಿ, ಒಂದು ಸುತ್ತು ದಾರ, ಅದರ ಕೆಳಗೆ ಹೆಬ್ಬೆರಳಿನಷ್ಟು ಏನೋ, ಗುಂಡಗೆ, ತಣ್ಣಗೆ, ಗಾಜು — ಅಲುಗಿಸಿದಳು — ಗಿಲಕಿಯ ಹಾಗೆ ಸಣ್ಣ ಸದ್ದು. ಹಕ್ಕಿಯ ತಲೆ ತಟ್ಟನೆ ಇತ್ತ ತಿರುಗಿತು.

ಕೈ ಕಲ್ಲಾಯಿತು. ಹಕ್ಕಿ ನೋಡುತ್ತಿದೆ, ಅವಳು ನೋಡುತ್ತಿದ್ದಾಳೆ, ನಡುವೆ ಬಿಳಿ ಕಾಳು ಓರೆಯಾಗಿ ಬೀಳುತ್ತಿವೆ. ಅವನು ಕೆಳಗೆ ತಲುಪಿರಬಹುದು, ಕುರಿದೊಡ್ಡಿಯಲ್ಲಿ ಬೆಚ್ಚಗೆ ಕೂತು ನಿದ್ದೆ ಹೋಗಿರಬಹುದು, ಕಾವಳದಲ್ಲಿ ದಾರಿ ತಪ್ಪಿ ಬೇಲಿ ಹಿಡಿದು ನಿಧಾನವಾಗಿ ಬರುತ್ತಿರಬಹುದು, ಇನ್ನೊಂದು ಗಳಿಗೆಗೆ ಗೋಣಿ ತಟ್ಟಿ, ಬಾರೇ ರಾಣಿ, ದರ್ಬಾರು ಮುಗೀತು, ಎನ್ನಬಹುದು, ಅಷ್ಟರಲ್ಲಿ ತಾನು ಎದ್ದು ಹೊರಗೆ ಬಂದಿದ್ದರೆ? ಏನಾದ್ರೂ ಆಗ್ಲಿ, ಗುಡಾರಕ್ಕೆ ಬೆಂಕೀನೇ ಬೀಳ್ಲಿ, ನಾನು ಬಂದು ಕರೆಯೋ ತನಕ ಹೊರಗೆ ಬರಬೇಡ, ಎಂದು ಪಾಠ ಹೇಳಿ ಹೋಗಿದ್ದಾನೆ, ಅವಳಿಗೆ, ಇಷ್ಟು ವರ್ಷ ಆ ಪಾಠ ಪಾಲಿಸಿದವಳಿಗೇ. ಗುಡಾರದಿಂದ ಮನುಷ್ಯರು ಎದ್ದರೆ ಹಕ್ಕಿ ಹಾರುತ್ತದೆ, ಇಂಥ ಹವೆಯಲ್ಲಿ ಹಾರಿದ್ದು ಬೇಗ ಬರುವುದಿಲ್ಲ, ಹೆದರಿ ಕಾವಳದಲ್ಲಿ ಸುತ್ತುತ್ತಿರುತ್ತದೆ, ಮೊಟ್ಟೆಯೊಳಗೆ ಮರಿ ಈಗಾಗಲೇ ರೂಪ ತಳೆದಿದೆ, ಚಳಿ ಒಳಗಿಳಿದರೆ ಮುಗಿಯಿತು, ಬಾಕಿ ಉಳಿದರೆ ಕಾಗೆಯ ಪಾಲು, ಆಗಿನಿಂದ ಅದು ಎಲ್ಲೋ ಬೇಲಿಗೂಟದ ಮೇಲೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದೆ, ಅದಕ್ಕೆ ಗುಡಾರ ಎಂದರೆ ಏನೆಂದು ಚೆನ್ನಾಗಿ ಗೊತ್ತು, ಪೂರಾ ಎಣಿಕೆ ಬರುತ್ತದೆ ಅದಕ್ಕೆ. ನಾಲ್ಕು ಮೊಟ್ಟೆ, ಮೊನೆಗೆ ಮೊನೆ. ಅಂಗೈಯಲ್ಲಿ ಗಾಜಿನ ಬಾಟಲಿ. ನಾಲ್ಕು ಮೊಟ್ಟೆ ಮತ್ತು ಒಬ್ಬ ಗಂಡ, ಇದೇನು ತಕ್ಕಡಿ, ಯಾರನ್ನಾದರೂ ಕೇಳು, ಹಿಲ್ಡಾಳನ್ನು ಕೇಳು, ಕೋಳಿಗೂಡಿನಿಂದ ನಾಲ್ಕು ತಂದುಕೊಡ್ತೀನಿ ಹೋಗೇ ಅನ್ನುತ್ತಾಳೆ — ಕೇಳಬಾರದವನು ಒಬ್ಬನೇ, ಎಲ್ಲಿಸನನ್ನು ಕೇಳಿದರೆ ಅವನು ಮೊಟ್ಟೆ ಅನ್ನುತ್ತಾನೆ, ತಮಾಷೆಗಲ್ಲ, ನಿಜವಾಗಿ, ಹಡಗಿನ ಹೊಟ್ಟೆಯೊಳಗೆ ಕಬ್ಬಿಣ ಬಡಿಯುವ ಸದ್ದಿನಲ್ಲಿ ಆಯುಸ್ಸು ಕಳೆದ ಮನುಷ್ಯನಿಗೆ ವರ್ಷದಲ್ಲಿ ನಾಲ್ಕು ದಿನ ಕಿವಿ ತೊಳೆದುಕೊಟ್ಟದ್ದು ಈ ಹಕ್ಕಿ. ಒಂದ್ಸಲ ನಿನ್ನ ಕಣ್ಣಲ್ಲಿ ನೋಡು. ಅದನ್ನು ಯಾಕೆ ಹೇಳಿದ ಎಂದು ಈಗ ಹೊಳೆಯಿತು, ಮುಂದಿನ ವಸಂತ ಅವನ ಲೆಕ್ಕದಲ್ಲಿ ಇರಲಿಲ್ಲ. ಹಲ್ಕಟ್ ಮನುಷ್ಯ. ಹೇಳಬಾರದಾಗಿತ್ತೇ.

ಪಿನ್ನು. ಹಿಂಬದಿಯ ಬಟ್ಟೆಗೆ ಚುಚ್ಚಿದ್ದವು, ಆವ್ರಿಲ್ ಕೂಸಾಗಿದ್ದಾಗ ಅವಳ ಲಂಗೋಟಿಗೆ ಚುಚ್ಚುತ್ತಿದ್ದ ಅದೇ ದೊಡ್ಡ ಪಿನ್ನುಗಳು, ಕೈ ಹಿಂದೆ ಮಾಡಿ ತಡಕಿದಳು, ಕಣ್ಣು ಮಾತ್ರ ಕಿಂಡಿಯಲ್ಲೇ, ಒಂದು ಬಿಚ್ಚಿತು, ಹಕ್ಕಿ ಸುಮ್ಮನಿದೆ, ಇನ್ನೊಂದು ಬೆರಳಿಗೆ ಹೆಟ್ಟಿತು, ಸುಮ್ಮನಿದೆ, ಸುಮ್ಮನಿರು ಮರಿ, ನಿನ್ನ ಪಾಳಿ ನೀನು ನೋಡು, ನನ್ನದು ನಾನು ನೋಡ್ತೀನಿ. ಹಿಂದಿನಿಂದ ಇಳಿದು ಹೊಟ್ಟೆ ಮೇಲೆ ತೆವಳಿದರೆ ಗುಡಾರ ನಡುವೆ ಇರುತ್ತದೆ, ಹಕ್ಕಿಗೆ ಕಾಣುವುದು ಗುಡಾರ ಮಾತ್ರ, ಎರಡೂ ಉಳಿಯಬಹುದು, ಮೊಟ್ಟೆಯೂ ಅವನೂ, ಮನೆ ನಡೆಸಿದವಳಿಗೆ ಒಂದರಲ್ಲಿ ಎರಡು ಹೊಂದಿಸುವುದು ಹೊಸದಲ್ಲ. ಹಿಮ್ಮುಖವಾಗಿ ಜಾರಿದಳು, ಹೆದರ್ ಕಡ್ಡಿ ಲಂಗದೊಳಗೆ, ಪಾಚಿಯ ನೀರು ಮೊಣಕೈಗೆ, ಎದೆಗೆ, ಈ ವಯಸ್ಸಿನಲ್ಲಿ ಈ ಗಾತ್ರದಲ್ಲಿ, ಕ್ಯಾಂಟೀನಿನವರು ನೋಡಿದರೆ, ತೆವಳು, ಇನ್ನೂ, ತಲೆ ಎತ್ತಬೇಡ, ಬಾಟಲಿ ಹಲ್ಲಿನ ನಡುವೆ — ದಿಣ್ಣೆಯ ಬದಿ ತಲುಪಿ, ಬಾಟಲಿ ಕೈಗೆ ತೆಗೆದು, ಎದ್ದು ನೋಡಿದರೆ ಬಿಳಿ. ಎಲ್ಲ ಕಡೆ ಬಿಳಿ. ಕುರಿದೊಡ್ಡಿಯ ದಾರಿ ಎಡಕ್ಕೆ, ಆದರೆ ಅವನು ಕುರಿದೊಡ್ಡಿಗೆ ಹೋದನೇ, ಅದು ಅವಳ ಜಾಗ, ಅವನಿಗೆ ಆ ಜಾಗ ಗೊತ್ತೇ ಇಲ್ಲ, ಯಾವತ್ತೂ ಹೋದವನಲ್ಲ ಅವನು, ಹಕ್ಕಿಯನ್ನು ಬಿಟ್ಟು ಹೋದವನೇ ಅಲ್ಲ. ಒಂದು ಹೆಜ್ಜೆ ತಪ್ಪು ದಿಕ್ಕಿಗೆ ಇಟ್ಟರೆ ಈ ಬಿಳಿಯಲ್ಲಿ ಅವನಿಂದ ದೂರ, ಇನ್ನೊಂದು ಹೆಜ್ಜೆ ಇನ್ನೂ ದೂರ. ಕೂಗಬೇಕು. ಕೂಗಿದರೆ ಹಾರುತ್ತದೆ. ಪಿಸುಗುಟ್ಟಿದಳು, ಎಲ್ಲಿಸ್, ಎಂದು ಪಿಸುಗುಟ್ಟಿದಳು, ಹುಚ್ಚಿ, ಗಾಳಿ ಅದನ್ನು ತುಟಿಯ ಮೇಲೆಯೇ ಒರೆಸಿಬಿಟ್ಟಿತು. ಬೆನ್ನ ಹಿಂದೆ ನಾಲ್ಕು ಮೊಟ್ಟೆ, ಮೊನೆಗೆ ಮೊನೆ, ಬೆಚ್ಚಗೆ, ಮುಚ್ಚಿಕೊಂಡು. ಅವಳ ಎದೆ ತುಂಬಿತು, ಬಾಯಿ ತೆರೆಯಿತು, ಎಲ್ಲಿಸ್ — ಎಲ್ಲೀಸ್ — ತನ್ನ ದನಿಯೇ ಎಂದು ಅವಳಿಗೇ ಗೊತ್ತಾಗಲಿಲ್ಲ, ಬೀದಿಯ ಕೊನೆಯಿಂದ ಮಕ್ಕಳನ್ನು ಊಟಕ್ಕೆ ಕರೆಯುವ ದನಿ ಅದು, ಅದರ ಹಿಂದೆಯೇ, ಅದರ ಬಾಲ ಹಿಡಿದ ಹಾಗೆ, ಒಂದೇ ಒಂದು ಉದ್ದದ ಸಿಳ್ಳು, ಹಕ್ಕಿಯದು, ತೆಳ್ಳಗೆ, ದುಃಖದ್ದು, ಮೇಲೆದ್ದು ತಲೆಯ ಮೇಲಿಂದ ಹೋಯಿತು. ಎದ್ದಿತು.

ಆಮೇಲೆ ಟಣ್ ಟಣ್. ಲೋಹದ ಮೇಲೆ ಕಲ್ಲು. ಹಡಗುಕಟ್ಟೆಯವರ ಬಡಿತ, ಒಳಗೆ ಸಿಕ್ಕಿಕೊಂಡವನು ಹೊರಗಿನವರಿಗೆ ಬಡಿಯುವುದು. ಕೆಳಗಿನಿಂದಲ್ಲ, ದೂರದಿಂದಲ್ಲ, ಗುಡಾರದಾಚೆ, ಗೂಡಿನಾಚೆ, ಕರಿ ಜವುಗುಮಣ್ಣಿನ ಕೊರಕಲಿನಿಂದ, ಅಯ್ಯೋ ದೇವರೇ, ಇಷ್ಟು ಹತ್ತಿರ, ಇಷ್ಟು ಹೊತ್ತೂ ಇಷ್ಟು ಹತ್ತಿರ, ದಿಣ್ಣೆಯಿಳಿದವನು ಸುತ್ತಿಕೊಂಡು ಹಕ್ಕಿಯ ಹತ್ತಿರಕ್ಕೇ ಮರಳಿದ್ದಾನೆ — ಓಡಿದಳು, ನೆಟ್ಟಗೆ, ಸುತ್ತುಬಳಸಲು ಹೊತ್ತೆಲ್ಲಿದೆ, ಗೂಡಿನ ಪಕ್ಕದಲ್ಲೇ ಕಾಲಿಡಬೇಕಾಯಿತು, ಕಣ್ಣು ಬೇಡವೆಂದರೂ ಇಳಿಯಿತು, ನಾಲ್ಕು ಮೊಟ್ಟೆ, ಮೊನೆಗೆ ಮೊನೆ, ಬರಿಮೈ, ಒಂದರ ಮೇಲೆ ಒಂದು ಬಿಳಿ ಕಾಳು ಬಿತ್ತು, ಕೂಡಲೇ ಕರಗಿ ಹನಿಯಾಯಿತು, ಇನ್ನೊಂದು ಬಿತ್ತು, ಕರಗಿತು, ಅಷ್ಟು ಬಿಸಿಯಿತ್ತು ಇನ್ನೂ — ಕೊರಕಲಿಗೆ ಜಾರಿದಳು. ಅವನು ಮಣ್ಣಿನ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ, ಅವಳ ರೇನ್‌ಕೋಟಿನ ತೋಳು ಮುಕ್ಕಾಲಕ್ಕೆ, ಒಂದು ಕೈ ಎದೆಯ ಮೇಲೆ, ಒಂದು ಕೈಯಲ್ಲಿ ಕಲ್ಲು, ಮಡಿಲಲ್ಲಿ ಬಡಿದು ಜಜ್ಜಿದ ದುರ್ಬೀನು, ಮುಖ ಸ್ಲೇಟಿನ ಬಣ್ಣ. ಬಾಯಿ ತೆಗಿ. ತೆಗೆದ. ಮುಚ್ಚಳ ತಿರುಗಲಿಲ್ಲ, ಹಲ್ಲಿನಿಂದ ತಿರುಗಿಸಿದಳು, ಒಂದು ಮಾತ್ರೆ ಪಾಚಿಗೆ ಬಿತ್ತು, ಇನ್ನೊಂದು, ನಾಲಿಗೆ ಎತ್ತು, ಎತ್ತೋ, ಹಾಂ. ಕೋಟು ಬಿಚ್ಚಿ ಅವನ ಮೇಲೆ ಎಳೆದಳು, ಹಿಂದೆ ಕೂತು ಅವನ ತಲೆಯನ್ನು ತನ್ನ ಎದೆಗೆ ಒರಗಿಸಿದಳು. ಯಾಕೋ ಕೂಗ್ಲಿಲ್ಲ, ಇಲ್ಲೇ ಇದ್ದೆಯಲ್ಲೋ, ಒಂದು ಸಲ ಕೂಗಿದ್ರೆ ಆಗ್ತಿತ್ತಲ್ಲೋ ಕತ್ತೆ. ಅವನು ಉಸಿರು ಕೂಡಿಸಿಕೊಂಡ. ಕೂಗಿದ್ರೆ ಎದ್ದುಬಿಡ್ತಿತ್ತು, ಎಂದ.

ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು, ಕೈ ಅವನ ಕೆನ್ನೆಗೆ ಹೋಗಿ ಅಲ್ಲೇ ನಿಂತಿತು, ತಣ್ಣಗಿತ್ತು ಕೆನ್ನೆ. ನೀನು ಎಬ್ಬಿಸ್ದೆ, ಎಂದ. ಹ್ಞೂಂ, ಎಬ್ಬಿಸ್ದೆ. ಮೇಲೆ ಕಾವಳದೊಳಗೆ ಎಲ್ಲೋ ಆ ಸಿಳ್ಳು ಸುತ್ತುತ್ತಿತ್ತು, ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ, ಇಳಿಯುತ್ತಿಲ್ಲ, ಹೇಗೆ ಇಳಿದೀತು, ಕೊರಕಲಲ್ಲಿ ಎರಡು ತಲೆ ಕಾಣುತ್ತಿವೆಯಲ್ಲ. ನಾವಿಲ್ಲಿರೋ ತನಕ ಬರಲ್ಲ ಡೋರಿ. ಮಾತಾಡಬೇಡ. ನಾನು ಅಲ್ಲಾಡದೆ ಬಿದ್ದಿರ್ತೀನಿ, ನೀನು ಎದ್ದು ಹೋಗು, ನಿನ್ನ ಹಾಗೆ, ಕೈ ತೂಗ್ತಾ, ಒಬ್ಬರು ಹೋದ್ರೆ ಸಾಕು, ಅದಕ್ಕೆ ಎಣಿಕೆ ಬರಲ್ಲ. ನನಗೆ ಬರುತ್ತೆ, ಎಂದಳು ಡೋರೀನ್, ಬಾಯಿ ಮುಚ್ಚು. ಇನ್ನೊಂದು ಮಾತ್ರೆ. ತುಟಿಯ ನೀಲಿ ಇಳಿಯುತ್ತಿದೆಯೇ, ಬೆಳಕಿನ ಮೋಸವೇ, ಹಿಲ್ಡಾಳ ಗಂಡ ಟ್ರ್ಯಾಕ್ಟರ್ ಹೊರಡಿಸಿರುತ್ತಾನೆಯೇ, ಕತ್ತಲಾಗಲು ಇನ್ನೆಷ್ಟು, ಅವನ ಎದೆ ಅವಳ ಅಂಗೈ ಕೆಳಗೆ ಎದ್ದಿತು, ಇಳಿಯಿತು, ತಡೆಯಿತು, ಮತ್ತೆ ಎದ್ದಿತು, ಇನ್ನೊಂದು ಸಲ ಏಳು, ಇನ್ನೊಂದು ಸಲ, ಎದ್ದು ಹೋಗು ಡೋರಿ, ಇಲ್ಲ, ಮೊಟ್ಟೆ ತಣ್ಣಗಾಗುತ್ತೆ, ಆಗ್ಲಿ, ಎಂದಳು, ಆಗ್ಲಿ ಎಂದ ಬಾಯಿ ಮುಚ್ಚುವ ಮೊದಲೇ ಗೂಡು ಕಣ್ಣೊಳಗೆ ಬಂತು, ಅವನ ಭುಜದಾಚೆ, ಕೊರಕಲಿನ ಅಂಚಿನಾಚೆ, ಅವಳಿಗೆ ಇಲ್ಲಿಂದ ಕಾಣದ ಕಡೆ, ಸಿಳ್ಳು ಸುತ್ತುತ್ತಲೇ ಇದೆ, ನಾಲ್ಕು ಮೊಟ್ಟೆ, ಮೊನೆಗೆ ಮೊನೆ, ಒಂದು ಬಿಳಿ ಕಾಳು ಬೀಳುತ್ತದೆ, ಕರಗುತ್ತದೆ, ಇನ್ನೊಂದು ಬೀಳುತ್ತದೆ, ನಿಧಾನ ಕರಗುತ್ತದೆ, ಇನ್ನೊಂದು ಬೀಳುತ್ತದೆ — ನಾಲ್ಕು ಮೊಟ್ಟೆ, ಮೊನೆಗೆ ಮೊನೆ, ಮೇಲೊಂದು ಬಿಳಿ ಕಾಳು —